ಎದುರು ಮಾತಿನ ಭಾನುವಾರ

ಅಜ್ಜಂಪುರದ ಜವಳಿ ಅಂಗಡಿ ಓಂಕಾರಮೂರ್ತಿಯ ಬಾಯಿಗೆ ಸಿಕ್ಕವರು ಸುಮ್ಮನೆ ಮನೆ ಸೇರಿದ್ದಿಲ್ಲ. ಗಿರಾಕಿ ಬಟ್ಟೆ ಗಟ್ಟಿ ಅಂದರೆ, ನಾಲ್ಕು ಒಗೆತ ಬೀಳಲಿ ಆಮೇಲೆ ಹೇಳಿ ಅನ್ನುವನು. ಗಟ್ಟಿಯಿಲ್ಲ ಅಂದರೋ, ನಿಮ್ಮ ಮೊಮ್ಮಕ್ಕಳೂ ಉಟ್ಟಾರು ಅಂತ ಜಗಳಕ್ಕೇ ನಿಲ್ಲುವನು. ಇಂಥವನ ವ್ಯಾಪಾರ ಹೇಗೆ ನಡೆಯಿತೋ ಆ ಶಿವನೇ ಬಲ್ಲ! ಈ ಚಾಳಿ ಅವನ ಸ್ವಂತದ್ದಲ್ಲ, ಪಕ್ಕದ ಶಿವನಿ ಊರಿನ ಗಂಗಾಧರಯ್ಯನವರಿಂದ ಅಂಟಿಕೊಂಡದ್ದು.

ಇಬ್ಬರೂ ಒಂದೇ ಶಾಲೆಯಲ್ಲಿ ಅಕ್ಕಪಕ್ಕ ಕೂತವರು. ಓಂಕಾರಮೂರ್ತಿ ಮಿಡ್ಲ್‌ಸ್ಕೂಲಿಗೇ ಓದಿಗೆ ಶರಣು ಹೊಡೆದು ಗಜಕೋಲು ಹಿಡಿದ. ಗಂಗಾಧರಯ್ಯನವರು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರಾದರು, ದಪ್ಪ ದಪ್ಪ ಪುಸ್ತಕ ಬರೆದರು, ಎಪ್ಪತ್ತಮೂರನೇ ಇಸವಿಯಲ್ಲಿ ನಿವೃತ್ತರಾಗಿ ಹೆಂಡತಿ ಪ್ರೇಮಮ್ಮನ ಜೊತೆ ಶಿವನಿಗೆ ವಾಪಸಾದರು. ಮಕ್ಕಳಿರಲಿಲ್ಲ. ಹೊಸ ಪುಸ್ತಕ ಬಂದಾಗಲೆಲ್ಲ ಗೆಳೆಯನಿಗೊಂದು ಪ್ರತಿ ಮೀಸಲು. ಓಂಕಾರಮೂರ್ತಿ ಅದನ್ನು ಕಣ್ಣಿಗೊತ್ತಿಕೊಂಡು ಒಂದೆರಡು ಪುಟ ಓದಿ ಗೊರಕೆ ಹೊಡೆಯುತ್ತಿದ್ದ.

ಭಾನುವಾರ ಅಂಗಡಿಗೆ ರಜೆ. ಅವನು ಪ್ಯಾಸೆಂಜರ್ ಗಾಡಿಯಲ್ಲಿ ಶಿವನಿಗೆ ಬಂದಿಳಿದರೆ ಗಂಗಾಧರಯ್ಯನವರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಾದಿರುತ್ತಿದ್ದರು. ಸಂಜೆ ಗಾಡಿಯವರೆಗೂ ವಾದವೇ ವಾದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಇವನು ದೇವರಿದ್ದಾನೆ ಅಂದರೆ ಅವರು ಎಲ್ಲಿ, ತೋರಿಸು ಅನ್ನುವರು. ಎಲ್ಲಾ ಹಣೆಬರಹ ಅಂದರೆ, ಬರೆದವನನ್ನು ನೀನು ಕಂಡಿದ್ದೀಯಾ ಅನ್ನುವರು. ಸೋತು, ಗೆಳೆಯನನ್ನು ಬೈದುಕೊಂಡು ಗಾಡಿ ಹತ್ತಿದವನು ಮುಂದಿನ ವಾರಕ್ಕೆ ಉತ್ತರ ಹುಡುಕುತ್ತ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಅವನ ಹೆಂಡತಿ ದಾಕ್ಷಾಯಣಮ್ಮ ತೀರಿಕೊಂಡಳು. ಓಂಕಾರಮೂರ್ತಿ ಲಿಂಗಪೂಜೆ ಬಿಟ್ಟ. ಬೆಂಚಿನ ಮೇಲೆ ಕೂತು, ದೇವರೂ ಇಲ್ಲ ಗೀವರೂ ಇಲ್ಲ, ನೀನು ಹೇಳಿದ್ದೇ ಸರಿ ಅಂದ. ಗಂಗಾಧರಯ್ಯನವರು ಒಪ್ಪಬೇಕಲ್ಲ! ಅವತ್ತಿನಿಂದ ಅವರೇ ದೇವರ ಪರ ವಕಾಲತ್ತು ವಹಿಸಿದರು. ಚಳಿ ಬಿದ್ದರೂ ಪಟ್ಟು ಸಡಿಲಿಸಲಿಲ್ಲ. ಕೊನೆಗೊಂದು ಭಾನುವಾರ ಇವನು ಹಣೆತುಂಬ ವಿಭೂತಿ ಧರಿಸಿ ಗಾಡಿಯಿಂದ ಇಳಿದದ್ದೇ ತಡ, “ಏನೋ ಓಂಕಾರಿ, ಆ ಕಲ್ಲಲ್ಲಿ ಏನೈತೆ ಅಂತ ಮತ್ತೆ ಶುರು ಹಚ್ಕೊಂಡೆ?” ಅಂದರು. ಹೆಂಡತಿ ಹೋದ ಮೇಲೆ ಓಂಕಾರಮೂರ್ತಿ ನಕ್ಕಿದ್ದು ಅವತ್ತೇ ಮೊದಲು.

ಎಂಬತ್ತಮೂರರಲ್ಲಿ ಗಂಗಾಧರಯ್ಯನವರು ಊಟಕ್ಕೆ ಕೂತಲ್ಲೇ ಹೋಗಿಬಿಟ್ಟರು. ಸುದ್ದಿ ತಿಳಿದು ಓಂಕಾರಮೂರ್ತಿ ಓಡಿಬಂದಾಗ ಅವರನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಲದಲ್ಲಿ ಗುಣಿ ತೋಡಿಯಾಗಿತ್ತು. ಆದರೆ ಹೆಣ ಎತ್ತುವಂತಿರಲಿಲ್ಲ. ಸ್ನಾನ ಮಾಡಿಸಲು ಅಂಗಿ ತೆಗೆದರೆ ಕೊರಳಲ್ಲಿ ಲಿಂಗವೇ ಇರಲಿಲ್ಲ! ಲಿಂಗಾಯತರಲ್ಲಿ ಸತ್ತವರ ಎಡಗೈಯಲ್ಲಿ ಕೊರಳಿನ ಲಿಂಗವಿಟ್ಟೇ ಮಣ್ಣು ಮಾಡುವುದು.

ಹೊಸ ಲಿಂಗವನ್ನಾದರೂ ಕೈಯಲ್ಲಿಡೋಣ, ಬರಿಗೈಯಲ್ಲಿ ಕಳಿಸಲು ತಾನು ಒಪ್ಪುವುದಿಲ್ಲ ಅಂತ ಮಠದ ಅಯ್ಯನವರು ಪಟ್ಟು ಹಿಡಿದಿದ್ದರು. ತರೀಕೆರೆಯಿಂದ ಬಂದಿದ್ದ ಹಳೆಯ ಶಿಷ್ಯ, ಕಾಲೇಜು ಮೇಷ್ಟ್ರು ಸೋಮಶೇಖರಪ್ಪ ಅಡ್ಡ ನಿಂತಿದ್ದ. ಬದುಕಿದ್ದಾಗ ಬೇಡ ಅಂತ ತೆಗೆದಿಟ್ಟವರಿಗೆ, ಬಾಯಿ ಸತ್ತ ಮೇಲೆ ಹಿಡಿಸುವುದು ದ್ರೋಹ ಅಂತ ಅವನ ವಾದ. ಕೊನೆಗೆ ಅವನೇ ಓಂಕಾರಮೂರ್ತಿಯ ಕಡೆ ತಿರುಗಿದ.

“ವಾರ ವಾರ ಅವರ ಜೊತೆ ಮಾತಾಡಿದೋರು ನೀವು. ಸರ್ ನಂಬ್ತಿದ್ರೋ ಇಲ್ವೋ, ನೀವೇ ಹೇಳಿ.”

ಗಂಗಾಧರಯ್ಯ ದೇವರಿದ್ದಾನೆ ಅಂದದ್ದೂ ಓಂಕಾರಮೂರ್ತಿಗೆ ಗೊತ್ತು, ಇಲ್ಲ ಅಂದದ್ದೂ ಗೊತ್ತು. ತನ್ನ ಎದುರಿಗೆ ಅಂದದ್ದು ಅಷ್ಟೂ ಗೊತ್ತು. ಒಳಗೆ ಏನಿತ್ತು? ಇಷ್ಟು ವರ್ಷ ಗೆಲ್ಲುವ ಹಟದಲ್ಲಿ ಒಂದು ದಿನವಾದರೂ ಅದನ್ನು ಕೇಳಿರಲಿಲ್ಲವಲ್ಲ! ಈಗ ತಪ್ಪು ಹೇಳಿದರೆ ತಿದ್ದುವವನೂ ಇಲ್ಲ. ಗಂಗಾಧರ ಇಲ್ಲಿದ್ದಿದ್ದರೆ ಯಾರ ಪರ ನಿಲ್ಲುತ್ತಿದ್ದ? ಯಾರ ಪರ ಯಾರೂ ಇಲ್ಲವೋ ಅವರ ಪರ. ಓಂಕಾರಮೂರ್ತಿ ಸುತ್ತ ನೋಡಿದ. ಪ್ರೇಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೆಳಗಿನಿಂದ ಅವಳನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ. ನೀನೇನಂತೀಯವ್ವ ಅಂತ ಇವನು ಕೇಳಿದ.

“ನಂಬೋದು ಬಿಡೋದು ನಂಗೊಂದೂ ತಿಳಿಯಲ್ಲ ಅಣ್ಣ. ಆ ಕೈ ಹಂಗೆ ಬರಿದಾಗಿರೋದ ನೋಡಕ್ಕಾಗಲ್ಲ.”

ಇಡಿ ಅಂದ ಓಂಕಾರಮೂರ್ತಿ. ಅಯ್ಯನವರು ಲಿಂಗವಿಟ್ಟು ಬೆರಳು ಮಡಚಿದರು. ಸೋಮಶೇಖರಪ್ಪ ಗುಣಿಗೆ ಪತ್ರೆ ಹಾಕಿ, ಹೊರಡುವಾಗ ಇವನ ಹತ್ತಿರ ಬಂದು ಮೆಲ್ಲಗೆ, “ಅಂತೂ ಸರ್‌ನ ಸೋಲಿಸಿಬಿಟ್ರಿ” ಅಂದು ಹೋದ.

ಭಾನುವಾರ ಬಂತು. ಕಾಲು ಕೇಳಬೇಕಲ್ಲ, ಗಾಡಿ ಹತ್ತಿ ಶಿವನಿಯಲ್ಲಿ ಇಳಿದ. ಬೆಂಚು ಖಾಲಿಯಿತ್ತು. ತನ್ನ ಮಾಮೂಲಿ ತುದಿಯಲ್ಲಿ ಕೂತು, “ನಾ ಮಾಡಿದ್ದು ಸರಿ ಕಣೋ ಗಂಗಾಧರ” ಅಂತ ಗಟ್ಟಿಯಾಗಿಯೇ ಅಂದ. ತಪ್ಪು ಅನ್ನುವವರು ಯಾರೂ ಇರಲಿಲ್ಲ. ಹೋಗಲಿ, ತಪ್ಪೇ ಮಾಡಿದೆ ಅಂದ. ಅಲ್ಲ ಅನ್ನುವವರೂ ಇರಲಿಲ್ಲ. ದಾಕ್ಷಾಯಣಮ್ಮ ಹೋದಾಗಲೂ ಅವನು ಇಷ್ಟು ಒಂಟಿಯಾಗಿರಲಿಲ್ಲ. ಆಗ ಬೈಯಲಿಕ್ಕೆ ಗಂಗಾಧರನಿದ್ದ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತು, ಸಂಜೆಯ ಗಾಡಿಗೆ ಹೊರಟ.

ಮಾರನೆಯ ದಿನ ಅಂಗಡಿಗೆ ಕೆಂಚಮ್ಮ ಬಂದಳು. ಈ ಮುದುಕಿ ಅವನ ಜೊತೆ ಜಗಳವಾಡದೆ ಒಂದು ರವಿಕೆ ಕಣವನ್ನೂ ಕೊಂಡವಳಲ್ಲ. ಸೀರೆಯ ಸೆರಗು ಎಳೆದು ನೋಡಿ, ಇದೇನು ಗಟ್ಟಿನೇ ಇಲ್ಲ ಅಂತ ಶುರು ಮಾಡಿದಳು.

“ಹೌದು ಕಣಮ್ಮ,” ಅಂದ ಓಂಕಾರಮೂರ್ತಿ.

ಕೆಂಚಮ್ಮ ಸೀರೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. “ಯಾಕಪ್ಪಾ, ಮೈಗೆ ಹುಷಾರಿಲ್ವಾ?”