ಹನಾನಳ ಕಾಲು ಮಾಡಿದ ನಮ್ಮ ಗುಣವತಿಯಕ್ಕ

ಕಟಪಾಡಿಯ ಗುಣವತಿಯಕ್ಕನನ್ನು ನೀವು ಬಸ್ಸಲ್ಲಿ ನೋಡಿರಬಹುದು. ದಿನಾ ಬೆಳಿಗ್ಗೆ ಮಣಿಪಾಲಕ್ಕೆ ಹೋಗ್ತಾರೆ, ಕಿಟಕಿ ಬದಿ ಸೀಟು ಸಿಗದಿದ್ರೆ ಕಂಡಕ್ಟರಿಗೆ ಬೈತಾರೆ. ಅಲ್ಲೊಂದು ವರ್ಕ್‌ಶಾಪಲ್ಲಿ ಕೃತಕ ಕಾಲು ಮಾಡುವ ಕೆಲಸ, ಇಪ್ಪತ್ತೆರಡು ವರ್ಷದಿಂದ. ನಾನು ಅವರ ಪಕ್ಕದ ಮನೆಯವಳು, ಮತ್ತೆ ಅವರ ದೊಡ್ಡ ಫ್ಯಾನ್. ಅದನ್ನು ಮೊದಲೇ ಹೇಳಿಬಿಡ್ತೇನೆ.

ಹೋದ ವರ್ಷ ಅಕ್ಕ ಆರು ವಾರ ಜೋರ್ಡನಿಗೆ ಹೋಗಿ ಬಂದ್ರು. ಸಿರಿಯಾದ ಯುದ್ಧದಲ್ಲಿ ಮನೆ ಬಿಟ್ಟು ಓಡಿ ಬಂದವರ ಕ್ಯಾಂಪ್ ಉಂಟಲ್ವಾ, ಅಲ್ಲಿಗೆ. ಸಂಬಳ ಗಿಂಬಳ ಇಲ್ಲ. ಕರ್ಕೊಂಡು ಹೋದದ್ದು ಕಲ್ಯಾಣಪುರದ ಜೋಸ್ಲಿನ್ ಬಾಯಿ. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಅಂತ ಕರೆಯುದು. ಕುವೈಟಲ್ಲಿ ನರ್ಸ್ ಆಗಿದ್ದವರು, ಅರಬ್ಬಿ ಭಾಷೆಯನ್ನು ನೀರು ಕುಡಿದ ಹಾಗೆ ಮಾತಾಡ್ತಾರೆ.

ಅಕ್ಕನ ಗಂಡ ಉಮಾನಾಥಣ್ಣ ತಮಾಷೆ ಮಾಡಿದ್ರಂತೆ, "ಎಲ್ಲರೂ ಆ ಕಡೆ ಹೋಗಿ ಚಿನ್ನ ತರ್ತಾರೆ. ನೀನು ರಜೆ ಹಾಕಿ ಕಾಲು ಕೊಡ್ಲಿಕ್ಕೆ ಹೋಗ್ತಿ!"

"ಚಿನ್ನ ಬೇಕಾದ್ರೆ ನೀವೇ ಹೋಗಿ ಮಾರಾಯ್ರೆ, ನಾನು ತಡೆಯುದಿಲ್ಲ."

ಅಲ್ಲಿ ಸಿಕ್ಕಿದವಳೇ ಹನಾನ್. ಬಾಂಬಿಗೆ ಎಡಗಾಲು ಮೊಣಕಾಲಿಂದ ಕೆಳಗೆ ಹೋಗಿತ್ತು. ಕ್ಯಾಂಪಿನ ಶಾಲೆ ಮಕ್ಕಳಿಗೆ ರೊಟ್ಟಿ ಸುಡುವ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಕೊಡ್ತೇವೆ ಅಂದಿದ್ರು. ಬೆಳಿಗ್ಗಿಂದ ಮಧ್ಯಾಹ್ನದವರೆಗೆ ನಿಲ್ಲಲು ಆಗ್ಬೇಕು, ಅಷ್ಟೇ ಷರತ್ತು. ಊರು ಬಿಟ್ಟ ಮೇಲೆ ಅವಳಿಗೆ ಸಿಗುವ ಮೊದಲ ಕೆಲಸ ಅದು.

ಅಕ್ಕ ಐದು ದಿನ ಕೂತು ಕಾಲು ಮಾಡಿದ್ರು. ಹನಾನ್ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದೇ ಬಿಟ್ಟಳು! ಜೋಸ್ಲಿನ್ ಬಾಯಿ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಮರುದಿನ ಅಡುಗೆಮನೆಯಲ್ಲಿ ಅವಳು ಮುಗ್ಗರಿಸಿ ಹಿಟ್ಟಿನ ಮೇಲೆಯೇ ಬಿದ್ದಳು. "ಬೇರೆಯವರನ್ನು ನೋಡ್ತೇವೆ" ಅಂದಳು ಅಲ್ಲಿಯ ಮೇಲ್ವಿಚಾರಕಿ.

ಎಂತ ಆದದ್ದು ಗೊತ್ತುಂಟಾ? ನಮ್ಮಲ್ಲಿ ಯಾರು ಬಂದ್ರೂ ಚಪ್ಪಲಿ ಬಾಗಿಲ ಹೊರಗೆ. ಅಕ್ಕ ಅದೇ ಅಭ್ಯಾಸದಲ್ಲಿ ಹನಾನಳ ಶೂ ಹೊರಗೆ ಬಿಡಿಸಿ, ಬರಿಗಾಲಲ್ಲಿ ನಡೆಸಿ ಕಾಲು ಹೊಂದಿಸಿದ್ರು. ಅಡುಗೆಮನೆಯಲ್ಲಿ ದಪ್ಪ ಹಿಮ್ಮಡಿಯ ಬೂಟು ಹಾಕ್ಲೇಬೇಕು. ಹಿಮ್ಮಡಿ ಎತ್ತರ ಆದಾಗ ನಮ್ಮ ಪಾದ ಆದ್ರೆ ಬಗ್ಗಿ ಸರಿ ಮಾಡಿಕೊಳ್ತದೆ. ಕೃತಕ ಪಾದ ಬಗ್ಗುದಿಲ್ಲ, ಮನುಷ್ಯನನ್ನೇ ಮುಂದಕ್ಕೆ ದೂಡ್ತದೆ.

ಜೋಸ್ಲಿನ್ ಬಾಯಿ ಮೆಲ್ಲ ಹೇಳಿದ್ರು, "ಅವಳಿಗೆ ಅಭ್ಯಾಸ ಇಲ್ಲ, ಅದಕ್ಕೆ ಬಿದ್ದಳು ಅಂತ ಹೇಳುವ, ಗುಣವತಿ."

"ಎಂತ ಮಾತು ನಿಮ್ದು, ಬಾಯಿ? ತಪ್ಪು ಮಾಡಿದ್ದು ನಾನು, ಹೆಸರು ಹಾಳಾಗುದು ಅವಳದ್ದಾ?"

ಹನಾನಳ ಕೈ ಹಿಡ್ಕೊಂಡು ಸೀದಾ ಅಡುಗೆಮನೆಗೆ. ಎಲ್ಲರ ಎದುರು, "ತಪ್ಪು ನಂದು. ಇವಳಿಗೆ ನಿಲ್ಲಲು ಬರ್ತದೆ. ಎರಡು ದಿನ ಕೊಡಿ." ಜೋಸ್ಲಿನ್ ಬಾಯಿ ಅದನ್ನು ಅರಬ್ಬಿಯಲ್ಲಿ ಹೇಳ್ಲೇಬೇಕಾಯ್ತು. ಒಂದೇ ದಿನ ಕೊಡುದು ಅಂದಳು ಮೇಲ್ವಿಚಾರಕಿ.

ನಂಗೆ ಎದೆ ಉಬ್ಬುದು ಇಲ್ಲಿಯೇ, ನಿಜ ಹೇಳ್ತೇನೆ. ಅಷ್ಟು ವರ್ಷ ಕೆಲಸ ಮಾಡಿದವರು, ದೂರದ ದೇಶದಲ್ಲಿ, ಯಾರೂ ಕೇಳದೆ ತಪ್ಪು ಒಪ್ಪಿಕೊಳ್ಳುದು ಸುಮ್ನೆಯಾ?

ಬೂಟು ಹಾಕಿಸಿಯೇ ಕಾಲನ್ನು ಪುನಃ ಹೊಂದಿಸಿದ್ರು. ಆಗ ಇನ್ನೊಂದು ಪಂಚಾತಿಕೆ. ಮನೆಯೊಳಗೆ ಹನಾನ್ ಬೂಟು ಹಾಕುದಿಲ್ಲ, ಬಿಚ್ಚಿದ್ರೆ ಹಿಂದಕ್ಕೆ ವಾಲ್ತಾಳೆ. ಅಕ್ಕ ತನ್ನ ಹವಾಯಿ ಚಪ್ಪಲಿಯ ಹಿಂಭಾಗ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಹಿಮ್ಮಡಿ ಮಾಡಿ, ಅವಳು ಮನೆಯಲ್ಲಿ ಆ ಪಾದಕ್ಕೆ ಹಾಕುವ ಕಾಲುಚೀಲದೊಳಗೆ ಕೂರಿಸಿದ್ರು. ಆಮೇಲೆ ಎರಡು ದಿನ ತಾನು ಜೋಸ್ಲಿನ್ ಬಾಯಿಯ ದೊಡ್ಡ ಚಪ್ಪಲಿಯಲ್ಲಿ ಟಪಟಪ ನಡೆದ್ರಂತೆ.

ಕಾಲು ಒಂದೇ ದಿನದಲ್ಲಿ ಸರಿಯಾಯ್ತು. ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಹನಾನ್ ಒಲೆ ಎದುರು ನಿಂತಳು. ಅಕ್ಕನೂ ಗೋಡೆ ಬದಿ ನಿಂತ್ರು. ಯಾರೋ ಕುರ್ಚಿ ತಂದ್ರೆ, "ಅವಳು ಕೂತ ಮೇಲೆ ನಾನು" ಅಂದ್ರು. ಎರಡು ಗಂಟೆಗೆ ಕೊನೆಯ ರೊಟ್ಟಿ ಬೆಂದಿತು. ಹನಾನ್ ಬೀಳಲಿಲ್ಲ. ಮೇಲ್ವಿಚಾರಕಿ ಬಂದು ನಾಳೆಯಿಂದ ದಿನಾ ಬಾ ಅಂದಳು.

ಮೊನ್ನೆ ಹನಾನ್ ಅಡುಗೆಮನೆಯಿಂದ ವಿಡಿಯೋ ಕಳಿಸಿದ್ಲು. "ರೊಟ್ಟಿ ಎಷ್ಟು ಚಂದ ಉಬ್ಬಿದೆ ಅಕ್ಕ!" ಅಂದೆ ನಾನು.

ಅಕ್ಕ ಫೋನನ್ನು ಮೂಗಿನ ಹತ್ರ ಹಿಡಿದು, "ರೊಟ್ಟಿ ಬಿಡು ಮಾರಾಯ್ತಿ. ನಿಂತದ್ದು ನೋಡು, ಎರಡೂ ಕಾಲಿಗೆ ಸಮ ಭಾರ" ಅಂದ್ರು.