ಬ್ರೇಕಿಗೆ ಕಟ್ಟಿದ ತಂತಿ

ಮರ ಕೊಯ್ಯೋ ಮಿಷಿನ್ನಿನ ಹಿಡಿಕೆಯ ಮುಂದೆ ಒಂದು ಪ್ಲಾಸ್ಟಿಕ್ ತಡೆ ಇರುತ್ತದೆ. ಚೈನಿನ ತುದಿ ಕೊಂಬೆಗೆ ತಾಗಿ ಮಿಷಿನ್ ಮುಖದತ್ತ ಹಾರಿದರೆ ಆ ತಡೆ ಮಣಿಕಟ್ಟಿಗೆ ಬಡಿದು ವಾಲುತ್ತದೆ, ಚೈನು ತಕ್ಷಣ ನಿಲ್ಲುತ್ತದೆ. ಅದೇ ಬ್ರೇಕು. ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. 'ಗಾರ್ಡ್ ಇಲ್ಲದೆ ಮಿಷಿನ್ ಮುಟ್ಟಬೇಡಿ' ಅಂತ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೋರ್ಡು ಬರೆಸಿ ನೇತುಹಾಕಿದವನೂ ನಾನೇ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ.

ನಿವೃತ್ತನಾದ ಮೇಲೆ ಆಲಸನತ್ತಂನ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಈ ಮಿಷಿನ್‌ಗಳ ರಿಪೇರಿ ಶುರುಮಾಡಿದೆ. ಮಾವಿನ ತೋಟಗಳಲ್ಲಿ ಮುದಿ ಮರ ಕೊಯ್ಯುವವರು ಬರುತ್ತಾರೆ. ಅವರಲ್ಲಿ ಅಂಚೆಟ್ಟಿ ಕಡೆಯ ಒಬ್ಬನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನವಿತ್ತು. ಮಿಷಿನ್ನನ್ನು ಎಣ್ಣೆ ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿ ತರುತ್ತಿದ್ದ.

ಹೋದ ತಿಂಗಳು ಬಂದಾಗ ಅವನ ಬ್ರೇಕಿನ ಸ್ಪ್ರಿಂಗ್ ಸವೆದು ತಡೆ ಸಡಿಲವಾಗಿತ್ತು. ಹೊಸದು ತರಿಸೋಕೆ ಒಂದು ವಾರ ಬೇಕು ಅಂದೆ.

"ವಾರ ಎಲ್ಲಿ ಕಾಯನ ಸಾ? ನಾಳೀಕೆ ತೋಟ ಒಪ್ಕೊಂಡಿವ್ನಿ. ಎಲೆ ಬಡುದ್ರೂ ಚೈನು ನಿಂತೋಯ್ತದೆ. ಏನಾರ ಮಾಡಿ. ನಿಮ್ಮಂತಾ ಕೈ ಈ ಸೀಮೇಲಿಲ್ಲ."

ನಾನು ಉಬ್ಬಿಹೋದೆ. ಅಷ್ಟೇ ನಡೆದದ್ದು, ಬೇರೆ ನೆಪ ಹೇಳಲಾರೆ. ತಡೆ ಅಲ್ಲಾಡದ ಹಾಗೆ ಹಿಡಿಕೆಗೆ ತಂತಿ ಸುತ್ತಿ ಬಿಗಿದೆ. ತಂತಿಯ ತುದಿ ಅವನ ಕೈಗೆ ಚುಚ್ಚದಿರಲಿ ಅಂತ ಒಳಗೆ ಮಡಚಿ, ಅರ ಹಾಕಿ ನುಣ್ಣಗೆ ಮಾಡಿದೆ. ಎಷ್ಟು ಕಾಳಜಿ ನೋಡಿ ನನ್ನದು!

ಮೊನ್ನೆ ಬೆಳಿಗ್ಗೆ ಅದೇ ಪಂಚೆಯ ಗಂಟು ಹಿಡಿದುಕೊಂಡು ಅವನ ಹೆಂಡತಿ ಬಂದಳು. ಮಿಷಿನ್ ಹಾರಿ ಗಂಡನ ಎಡ ಹೆಗಲು ಸೀಳಿದೆ, ಆ ಕೈಯ ಬೆರಳು ಮಡಚೋಕೆ ಆಗುತ್ತಿಲ್ಲ, ಇನ್ನು ಕೆಲಸಕ್ಕೆ ತನ್ನ ತಮ್ಮ ಹೋಗುತ್ತಾನೆ ಅಂದಳು.

"ಚೈನ್ ಮಸ್ದು ಕೊಡ್ಬೇಕಂತೆ ಸಾ. ತಂತಿ ಮಾತ್ರ ಬಿಚ್ಬ್ಯಾಡ್ರಿ ಅಂತ ಹೇಳಿ ಕಳ್ಸವ್ನೆ. ಬಲೇ ಗಟ್ಟಿಯಾಗಿ ಕಟ್ಟವ್ರೆ ಅಂದ."

ಗಂಟು ಬಿಚ್ಚಿದೆ. ನನ್ನ ತಂತಿ ಒಂದು ಕೂದಲೆಳೆಯಷ್ಟೂ ಸಡಿಲವಾಗಿರಲಿಲ್ಲ. ಕಟಿಂಗ್ ಪ್ಲೇಯರ್ ತಗೊಂಡು ಅವಳೆದುರಿಗೇ ಕತ್ತರಿಸಿದೆ. ಇದನ್ನು ನಾನು ಕಟ್ಟದಿದ್ದರೆ ಚೈನು ನಿಲ್ಲುತ್ತಿತ್ತು, ತಪ್ಪು ನನ್ನದು ಅಂದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದ ಅವನ್ಗೆ ಬಂದು ಹೇಳ್ತೀರಾ? ನನ್ ಕೈಯೇ ತಪ್ತು ಅಂತ ದಿನಾ ಕೊರಗ್ತಾ ಕೂತವ್ನೆ. ಉಣ್ಣಕಿಲ್ಲ."

ಶೆಡ್ಡಿಗೆ ಬೀಗ ಹಾಕಿ ಅವಳ ಜೊತೆ ಬಸ್ಸು ಹತ್ತಿದೆ. ಅಂಚೆಟ್ಟಿಯಲ್ಲಿ ಇಳಿದ ಮೇಲೂ ಬಹಳ ದೂರ ನಡೆಯಬೇಕಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹತ್ತು ಥರ ಜೋಡಿಸಿಕೊಂಡೆ. ಹೊಸಿಲು ದಾಟುವಾಗ ಒಂದೂ ನೆನಪಿಗೆ ಬರಲಿಲ್ಲ.

ನನ್ನನ್ನು ಕಂಡು ಅವನು ಒಂದೇ ಕೈ ಊರಿ ಏಳೋಕೆ ಹೋದ. "ಮಿಷಿನ್ ಸರಿಹೋಯ್ತಾ ಸಾ?"

ಎಲ್ಲ ಹೇಳಿದೆ. ಅವನು ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಏನಾರ ಮಾಡಿ ಅಂತ ಕೇಳಿದ್ದು ನಾನೇ ಅಲ್ವಾ ಸಾ?"

"ನೀನು ಕೇಳ್ದೆ ಕಣಪ್ಪ," ಅಂದೆ. "ಗೊತ್ತಿದ್ದಿದ್ದು ನನಗೆ."