ದುರ್ಬೀನು ತೋರಿಸಿದ ಮೊಸಳೆ

ಊರಿನವರು ಅವನನ್ನು ದುರ್ಬೀನು ಎಂದೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಆ ಹೆಸರಿಗೆ ಅರ್ಥವಿತ್ತು. ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡಿನ ಅಭಯಾರಣ್ಯಕ್ಕೆ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು, ಎಲೆಮರೆಯ ಹಕ್ಕಿಯನ್ನೂ ಕೆಸರಲ್ಲಿ ಬಿದ್ದುಕೊಂಡ ಮೊಸಳೆಯನ್ನೂ ದೂರದಿಂದಲೇ ತೋರಿಸುತ್ತಿದ್ದ. ಈಗ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಅಂದರೆ ಸಾಕು, ಮಹಾಶಯ ಹೆದರಿ ದೋಣಿ ಹತ್ತಿಬಿಡುತ್ತಿದ್ದ. ಆದರೆ ಬಾಯಿಗೇನು ಬರ? ಕೊಂಬೆಗೆ ಸಿಕ್ಕಿದ ನೀಲಿ ಪ್ಲಾಸ್ಟಿಕ್ ಚೀಲ ತೋರಿಸಿ "ಅಗೋ ಮಿಂಚುಳ್ಳಿ!" ಅನ್ನುತ್ತಿದ್ದ. ಪೇಟೆಯವರು ಫೋಟೊ ಹೊಡೆದುಕೊಂಡು ಖುಷಿಯಾಗಿ ಹೋಗುತ್ತಿದ್ದರು. ಚೀಲಕ್ಕೂ ಬೇಜಾರಿರಲಿಲ್ಲ.

ಅಸಲಿಗೆ ದೋಣಿ ನಡೆಸುತ್ತಿದ್ದದ್ದು ಹೆಂಡತಿಯ ಬಾಯಿ. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದವಳು, ಗಂಡನ ಕಣ್ಣು ಮಂಜಾದಾಗಿನಿಂದ ದೋಣಿಯ ಮುಂದುಗಡೆ ಬಂದು ಕೂರುತ್ತಿದ್ದಳು. "ಎಡಕ್ಕೆ ತಿರುಗಿಸಯ್ಯಾ, ತಲೇಲೇನು ಜೇಡಿಮಣ್ಣಾ?" "ಬಲಕ್ಕೆ, ಬಲಕ್ಕೆ! ಊಟ ಮಾಡೋ ಕೈ ಯಾವ್ದು ಅಂತಾನೂ ಮರ್ತೋಯ್ತಾ?" ಪ್ರವಾಸಿಗರು ಮುಸಿಮುಸಿ ನಗುತ್ತಿದ್ದರು. ಅವನು ಬೈಗುಳ ಬಂದ ಹಾಗೆ ಚುಕ್ಕಾಣಿ ತಿರುಗಿಸುತ್ತಿದ್ದ.

ಅಷ್ಟರಲ್ಲಿ ಗ್ರಹಚಾರ ವಕ್ಕರಿಸಿತು. ಹೊಸ ರೇಂಜರ್ ಬಂದು, "ದೋಣಿ ನಡೆಸೋ ಪಾಸ್ ಇರೋ ಪ್ರತಿಯೊಬ್ಬರ ಜೊತೆ ನಾನೇ ಒಂದು ಸುತ್ತು ಬರ್ತೀನಿ. ಸರಿಯಾಗಿ ನಡೆಸದಿದ್ರೆ ಪಾಸ್ ಇಲ್ಲ" ಎಂದ. ದೋಣಿ ಬಿಟ್ಟರೆ ದುರ್ಬೀನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಇವರ ಸರದಿ ಬಂದ ದಿನ ದೋಣಿಯಲ್ಲಿ ರೇಂಜರನ ಟೋಪಿ ಕಂಡಿದ್ದೇ ತಡ, ಹೆಂಡತಿಗೆ ಎಲ್ಲಿಲ್ಲದ ಸಂಕೋಚ. ದೊಡ್ಡವರ ಎದುರು ಗಂಡನನ್ನು ಬೈಯುವುದುಂಟೇ? ಕಾಲುವೆಯ ತಿರುವು ಬಂತು. ಅವಳು ಕೆಮ್ಮಿದಳು. ಅವನು ಬೈಗುಳಕ್ಕೆ ಕಾದ. ಅವಳು ಮತ್ತೆ ಕೆಮ್ಮಿ, "ಏನೂಂದ್ರೆ, ಸ್ವಲ್ಪ..." ಎಂದು ರಾಗ ಎಳೆದಳು. ಮದುವೆಯಾದಾಗಿನಿಂದ ಇಂಥ ಮರ್ಯಾದೆ ಕಾಣದವನು ಗಾಬರಿಬಿದ್ದು, ಯಾರ ಗಂಡನನ್ನು ಕರೆಯುತ್ತಿದ್ದಾಳೆ ಎಂದು ಹಿಂದೆ ತಿರುಗಿ ನೋಡಿದ. ದೋಣಿ ಧಡ್ಡನೆ ಕೆಸರಿಗೆ ನುಗ್ಗಿ ಕೂತಿತು. ಟೋಪಿ ನೀರುಪಾಲಾಯಿತು.

"ಅಯ್ಯೋ ನಿನ್ನ ಮನೆ ಹಾಳಾಗ!" ಎಂದಳು ಹೆಂಡತಿ. ಆ ಮನೆ ತನ್ನದೂ ಹೌದೆಂಬುದು ಅವಳಿಗೆ ಹೊಳೆಯಲಿಲ್ಲ.

ರೇಂಜರಿಗೆ ಅನುಮಾನ ಬಂತು. ಹತ್ತಿರದ ದಿಬ್ಬದತ್ತ ಬೆರಳು ಮಾಡಿ, "ಅಲ್ಲೇನಿದೆ ಹೇಳು ನೋಡೋಣ" ಎಂದ.

ದುರ್ಬೀನು ಕಣ್ಣು ಕಿರಿದು ಮಾಡಿದ. ಏನೋ ಕಪ್ಪಗೆ ಉದ್ದಕ್ಕೆ ಅಲ್ಲಾಡುತ್ತಿತ್ತು. "ಮೊಸಳೆ ಸಾರ್. ಭಾರೀ ಹಳೇದು. ಯಾರೂ ಅಲ್ಲಾಡ್ಬೇಡಿ."

ಸೊಂಟ ಬಗ್ಗಿಸಿ ಚಿಪ್ಪು ಆಯುತ್ತಿದ್ದ ಅವನ ಸ್ವಂತ ಅಕ್ಕ ನೆಟ್ಟಗಾದಳು. "ಯಾರನ್ನೋ ಮೊಸಳೆ ಅಂದೆ, ಮುಟ್ಠಾಳ?"

ರೇಂಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಗೂ ನಗು ತಡೆಯಲಾಗಲಿಲ್ಲ. ದುರ್ಬೀನು ಮಾತ್ರ ನಗಲಿಲ್ಲ. ಅವನನ್ನು ಎತ್ತಿ ಆಡಿಸಿದ ಅಕ್ಕ ಅವಳು. ಚುಕ್ಕಾಣಿಯಿಂದ ಕೈ ತೆಗೆದ.

"ಕಾಣ್ತಿಲ್ಲ ಅಕ್ಕಾ," ಎಂದ. "ನೀನೂ ಕಾಣ್ತಿಲ್ಲ."

ನಗು ನಿಂತಿತು. "ಪಾಸ್ ನನ್ನ ಹತ್ರ ಇರ್ಲಿ. ಕಣ್ಣು ಮಾಡಿಸ್ಕೊಂಡು ಬಂದು ತಗೋ" ಎಂದ ರೇಂಜರ್, ಮೆಲ್ಲಗೆ. ಹೆಂಡತಿ ಕೆಸರಿಗಿಳಿದು ಒಂದು ಕಡೆಯಿಂದ ದೋಣಿ ತಳ್ಳಿದಳು, ಅಕ್ಕ ಇನ್ನೊಂದು ಕಡೆಯಿಂದ.

"ನಾಳೆ ಬೆಳಗ್ಗೆನೇ ಆಸ್ಪತ್ರೆ" ಎಂದಳು ಅಕ್ಕ.

ದುರ್ಬೀನು "ಹೂಂ" ಅಂದ. ಆಪರೇಷನ್ನಿನ ಭಯ ಹೋಗಿರಲಿಲ್ಲ. ಅಕ್ಕನ ಮುಖವೇ ಕಾಣದೆ ಹೋದ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.